ಕಪ್ಪು ರಬ್ಬರಿನಲ್ಲಿ ಎಸ್‌ಬಿಆರ್ ಎಷ್ಟಿದೆ? ಎಫ್‌ಟಿಐಆರ್‌ನಿಂದ ಅಳೆಯುವ ಬಗೆ

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ರಬ್ಬರ್ ಬುಷ್, ಮೌಂಟ್ ತಯಾರಿಸುವ ಸಣ್ಣ ಘಟಕ. ಕಾಂಪೌಂಡನ್ನು (ರಬ್ಬರಿಗೆ ಬೇಕಾದ್ದೆಲ್ಲ ಬೆರೆಸಿದ ಮಿಶ್ರಣ) ಹೊರಗಿನಿಂದ ತರಿಸುತ್ತೇವೆ. ನೈಸರ್ಗಿಕ ರಬ್ಬರ್ 70 ಭಾಗ, ಎಸ್‌ಬಿಆರ್ (ಸ್ಟೈರೀನ್, ಬ್ಯುಟಾಡೈಯೀನ್ ಸೇರಿದ ಸಂಶ್ಲೇಷಿತ ರಬ್ಬರ್) 30 ಭಾಗ ಎಂದು ಮಾತಾಗಿದೆ. ಈಚೆಗೆ ಎಸ್‌ಬಿಆರ್ ಪಾಲು ಹೆಚ್ಚಿರಬಹುದೆಂಬ ಅನುಮಾನ. ಎಫ್‌ಟಿಐಆರ್ ಯಂತ್ರ, ಅಂದರೆ ವಸ್ತು ಯಾವ ಅವಕೆಂಪು ಬೆಳಕನ್ನು ಎಷ್ಟು ಹೀರುತ್ತದೆಂದು ಗೆರೆ ಬರೆದು ತೋರಿಸುವ ಯಂತ್ರ, ನಮ್ಮಲ್ಲಿದೆ. ಅದಕ್ಕೆ ಮಾದರಿಯನ್ನು ಒತ್ತಿಡುವ ವಜ್ರದ ಹರಳಿನ ಎಟಿಆರ್ ಇದೆ. ಆದರೆ ರಬ್ಬರ್ ತುಂಡನ್ನು ಅದರ ಮೇಲೆ ಒತ್ತಿ ಹಿಡಿದರೆ ಓರೆಯಾದ ಗೆರೆಯೊಂದು ಬರುತ್ತದೆಯೇ ಹೊರತು ಪೀಕ್‌ಗಳು ಸರಿಯಾಗಿ ಕಾಣುವುದಿಲ್ಲ. ಈ ಯಂತ್ರದಿಂದ ಪ್ರಮಾಣ ಅಳೆಯಬಹುದೇ?

ಉತ್ತರ: ಅಳೆಯಬಹುದು. ಆದರೆ ತುಂಡನ್ನು ಹರಳಿಗೆ ಒತ್ತಿ ಅಲ್ಲ. ಗಾಳಿಯಿಲ್ಲದೆ ಸುಟ್ಟು (ಪೈರಾಲಿಸಿಸ್), ಬಂದ ಎಣ್ಣೆಯನ್ನು ಅಳೆದು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಶೇಕಡಾ ಎಷ್ಟು ಎಂಬುದನ್ನು ಯಂತ್ರ ಹೇಳುವುದಿಲ್ಲ, ನೀವೇ ಗೊತ್ತಾದ ಪ್ರಮಾಣದಲ್ಲಿ ಮಾಡಿಟ್ಟುಕೊಂಡ ಸ್ಟ್ಯಾಂಡರ್ಡ್ ಮಿಶ್ರಣಗಳು ಹೇಳುತ್ತವೆ. ಅವು ಇಲ್ಲದೆ ಎರಡು ಪೀಕ್‌ಗಳ ಎತ್ತರ ನೋಡಿ ‘ಎಸ್‌ಬಿಆರ್ ಇಷ್ಟು’ ಎಂದು ಬರೆದ ಯಾವ ವರದಿಯನ್ನೂ ನಂಬಬೇಡಿ. ಸ್ಟ್ಯಾಂಡರ್ಡ್ ಇಟ್ಟುಕೊಂಡು, ಕೈ ಪಳಗಿಸಿಕೊಂಡು ಮಾಡಿದರೆ 3ರಿಂದ 5 ಭಾಗದ ಆಚೀಚೆಗೆ ಉತ್ತರ ಸಿಗುತ್ತದೆ. 70/30 ಇರಬೇಕಾದದ್ದು 50/50 ಆಗಿದ್ದರೆ ಖಚಿತವಾಗಿ ಹಿಡಿಯಬಹುದು. 67/33 ಆಗಿದೆ ಎಂದು ಜಗಳಕ್ಕೆ ಹೋಗುವಷ್ಟು ಸೂಕ್ಷ್ಮತೆ ಈ ವಿಧಾನಕ್ಕಿಲ್ಲ.

ಓರೆ ಗೆರೆ ಏಕೆ ಬರುತ್ತದೆ ಎಂಬುದನ್ನು ನೋಡೋಣ. ಎಟಿಆರ್‌ನಲ್ಲಿ ಬೆಳಕು ಹರಳಿನ ಒಳಗೇ ಪೂರ್ಣ ಪ್ರತಿಫಲನಗೊಂಡು, ಮೇಲೆ ಒತ್ತಿದ ವಸ್ತುವಿನೊಳಕ್ಕೆ ಕೂದಲೆಳೆಗಿಂತ ತೀರಾ ಕಡಿಮೆ ಆಳಕ್ಕೆ ಮಾತ್ರ ಇಣುಕುತ್ತದೆ. ಪೂರ್ಣ ಪ್ರತಿಫಲನ ನಡೆಯಬೇಕಾದರೆ ಹರಳಿನ ವಕ್ರೀಭವನಾಂಕ ವಸ್ತುವಿನದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ವಜ್ರದ್ದು 2.4. ಬೆಳಕು 45 ಡಿಗ್ರಿಯಲ್ಲಿ ಬಿದ್ದಾಗ, ವಸ್ತುವಿನದು ಸುಮಾರು 1.7 ದಾಟಿತೆಂದರೆ ಪೂರ್ಣ ಪ್ರತಿಫಲನ ಮುರಿದುಬೀಳುತ್ತದೆ. ಬರಿಯ ರಬ್ಬರಿನದು 1.5ರ ಆಸುಪಾಸು, ಅದಕ್ಕೆ ತೊಂದರೆಯಿಲ್ಲ. ಅದಕ್ಕೆ 50 ಭಾಗ ಕಾರ್ಬನ್ ಬ್ಲ್ಯಾಕ್ (ರಬ್ಬರಿಗೆ ಬಲ ಕೊಡುವ ಮಸಿಪುಡಿ) ಬಿದ್ದರೆ ವಕ್ರೀಭವನಾಂಕ ಏರುತ್ತದೆ, ಜೊತೆಗೆ ಬ್ಲ್ಯಾಕ್ ತಾನೇ ಎಲ್ಲ ತರಂಗಗಳಲ್ಲೂ ಬೆಳಕನ್ನು ಹೀರುತ್ತದೆ. ಕಡಿಮೆ ತರಂಗಸಂಖ್ಯೆಯ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ತರಂಗಗಳ ಸಂಖ್ಯೆ) ಕಡೆ ಬೆಳಕು ಹೆಚ್ಚು ಆಳಕ್ಕೆ ಹೋಗುವುದರಿಂದ ಆ ತುದಿಯಲ್ಲಿ ಹೀರಿಕೆಯೂ ಹೆಚ್ಚು. ನೀವು ಕಂಡ ಓರೆ ಅದೇ. ಪೀಕ್‌ಗಳು ಒಂದು ಬದಿಗೆ ತಗ್ಗು, ಇನ್ನೊಂದು ಬದಿಗೆ ಉಬ್ಬು ಆಗಿ ತಿರುಚಿಕೊಳ್ಳುವುದೂ ಇದರಿಂದಲೇ. ಹಾಗೆ ತಿರುಚಿದ ಪೀಕ್‌ನ ಎತ್ತರ ಅಳೆದು ಪ್ರಯೋಜನವಿಲ್ಲ. ಸಾಫ್ಟ್‌ವೇರಿನ ‘ಬೇಸ್‌ಲೈನ್ ಕರೆಕ್ಷನ್’ ಗುಂಡಿ ಒತ್ತಿದರೆ ಗೆರೆ ಚಂದ ಕಾಣುತ್ತದೆ ಅಷ್ಟೆ.

ಜರ್ಮೇನಿಯಂ ಹರಳು ಹಾಕಿಕೊಂಡರೆ ಪರಿಸ್ಥಿತಿ ಸುಧಾರಿಸುತ್ತದೆ. ಅದರ ವಕ್ರೀಭವನಾಂಕ 4.0. ತರಂಗಸಂಖ್ಯೆ 1000 ಸೆಂ.ಮೀ.⁻¹ ಇರುವಲ್ಲಿ (ಮುಂದೆ ಈ ಏಕಮಾನವನ್ನು ಬಿಟ್ಟು ಬರೆಯುತ್ತೇನೆ) ವಜ್ರದಲ್ಲಿ ಬೆಳಕು ಸುಮಾರು 2 ಮೈಕ್ರಾನ್ ಒಳಹೊಕ್ಕರೆ, ಜರ್ಮೇನಿಯಂನಲ್ಲಿ 0.66 ಮೈಕ್ರಾನ್ ಮಾತ್ರ. ಆದ್ದರಿಂದ ಕಪ್ಪು ರಬ್ಬರಿನಲ್ಲೂ ಓದಬಲ್ಲ ಚಿತ್ರ ಬರುತ್ತದೆ. ಕೊಳ್ಳುವ ಮುನ್ನ ಒಂದನ್ನು ವಿಚಾರಿಸಿ: ಬೆಳಕು ಹಲವು ಬಾರಿ ಪುಟಿಯುವ ದಪ್ಪ ಜರ್ಮೇನಿಯಂ ಪಟ್ಟಿ 780ರ ಕೆಳಗೆ ತಾನೇ ಬೆಳಕು ನುಂಗುತ್ತದೆ. ನಿಮಗೆ ಮುಖ್ಯವಾಗಿ ಬೇಕಾದ ಪೀಕ್ ಇರುವುದು 699ರಲ್ಲಿ. ಒಂದೇ ಪುಟಿತದ ಚಿಕ್ಕ ಹರಳಾದರೆ ಈ ತೊಂದರೆ ಇರುವುದಿಲ್ಲ. ಹರಳಿನ ಗೋಜಿಲ್ಲದಿದ್ದರೂ, ದ್ರವ ಸಾರಜನಕ ಬೇಡುವ ಎಂಸಿಟಿ ಡಿಟೆಕ್ಟರ್‌ಗಳಲ್ಲಿ ಕೆಲವು 700ರ ಹತ್ತಿರವೇ ಸುಸ್ತಾಗುತ್ತವೆ. ಮಾಮೂಲಿ ಡಿಟಿಜಿಎಸ್ ಡಿಟೆಕ್ಟರ್ ಈ ಕೆಲಸಕ್ಕೆ ಸಾಕು, ಒಳ್ಳೆಯದೂ ಹೌದು.

ಹೀಗಿದ್ದೂ ಎಟಿಆರನ್ನು ಗುರುತು ಹಿಡಿಯುವುದಕ್ಕೆ ಬಳಸಿ, ಪ್ರಮಾಣಕ್ಕೆ ಬೇಡ ಎಂದೇ ನನ್ನ ಸಲಹೆ. ಅರ್ಧ ಮೈಕ್ರಾನ್ ಆಳದಲ್ಲಿ ಕಾಣುವುದು ಹೆಚ್ಚಾಗಿ ಮೇಲ್ಮೈಯ ಕಥೆ. ಹೊರಗೆ ಬಂದು ಕೂತ ವ್ಯಾಕ್ಸ್ 720–730ರಲ್ಲಿ ಜೋಡಿ ಪೀಕ್ ಕೊಡುತ್ತದೆ, ಜಿಂಕ್ ಸ್ಟಿಯರೇಟ್ 1540ರಲ್ಲಿ. ಅಚ್ಚಿಗೆ ಹೊಡೆದ ಸಿಲಿಕೋನ್ 1260 ಮತ್ತು 800ರಲ್ಲಿ ತೋರುತ್ತದೆ. ಹೊಸ ಬ್ಲೇಡಿನಿಂದ ಕೊಯ್ದ ಒಳಮೈಯನ್ನೇ ಇಟ್ಟರೂ ಎರಡು ರಬ್ಬರ್‌ಗಳು ಪೂರ್ತಿ ಬೆರೆಯದೆ ಸಣ್ಣ ಸಣ್ಣ ದ್ವೀಪಗಳಾಗಿ ಉಳಿದಿರುತ್ತವೆ. ಒಂದೊಂದು ಜಾಗದಲ್ಲಿ ಒಂದೊಂದು ಲೆಕ್ಕ ಬರುತ್ತದೆ.

ಈಗ ಯಾವ ಪೀಕ್ ಯಾರದು. ಸುಡದ ನೈಸರ್ಗಿಕ ರಬ್ಬರಿನ ಗುರುತು 837. 1376ರಲ್ಲಿ ಮೀಥೈಲ್ ಗುಂಪಿನ ಪೀಕ್ ಇದೆ, ಆದರೆ ಅದು ಇಪಿಡಿಎಂ ಎಂಬ ಇನ್ನೊಂದು ರಬ್ಬರಿನಲ್ಲೂ ಎಣ್ಣೆಯಲ್ಲೂ ಇರುವುದರಿಂದ ಸಾಕ್ಷಿ ದುರ್ಬಲ. ಎಸ್‌ಬಿಆರ್‌ನಲ್ಲಿ ಸ್ಟೈರೀನಿನ ಬೆಂಜೀನ್ ಉಂಗುರದಿಂದ 699 ಮತ್ತು 760, ಬ್ಯುಟಾಡೈಯೀನಿನ ಟ್ರಾನ್ಸ್ ಭಾಗದಿಂದ 966, ವಿನೈಲ್ ಭಾಗದಿಂದ 910. ಬಿಆರ್ ಅಂದರೆ ಪಾಲಿಬ್ಯುಟಾಡೈಯೀನಿನ ಸಿಸ್ ಭಾಗ 738ರಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಸುಟ್ಟ ಮೇಲೆ ನೈಸರ್ಗಿಕ ರಬ್ಬರಿನ 837 ಹೋಗುತ್ತದೆ. ಸರಪಳಿ ಮುರಿದು ಐಸೊಪ್ರೀನ್, ಡೈಪೆಂಟೀನ್ ಮುಂತಾದವು ಹುಟ್ಟುವುದರಿಂದ 887ರಲ್ಲಿ ಬಲವಾದ ಪೀಕ್ ಏಳುತ್ತದೆ. ಎಸ್‌ಬಿಆರ್‌ನ 699 ಹಾಗೆಯೇ ಉಳಿಯುತ್ತದೆ, ಉಂಗುರ ಮುರಿಯುವುದಿಲ್ಲವಲ್ಲ. ಆದ್ದರಿಂದ ನಿಮ್ಮ ಕೆಲಸಕ್ಕೆ ಬೇಕಾದ ಜೋಡಿ 887 ಮತ್ತು 699. 909–910 ನೋಡಿ ಎಸ್‌ಬಿಆರ್ ಲೆಕ್ಕ ಹಾಕುವವರಿದ್ದಾರೆ. ನೈಸರ್ಗಿಕ ರಬ್ಬರನ್ನು ಸುಟ್ಟಾಗಲೂ ಅಲ್ಲಿ ಸಣ್ಣ ಪೀಕ್ ಬರುತ್ತದೆ, ಅದನ್ನು ಅವರು ಮರೆಯುತ್ತಾರೆ.

‘ಕಾಂಪೌಂಡ್ ಇನ್ನೂ ಬೇಯಿಸಿಲ್ಲ (ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡಿಲ್ಲ), ಟಾಲ್ಯೂಯೀನಿನಲ್ಲಿ ಕರಗಿಸಿ ತೆಳು ಪೊರೆ ಮಾಡಿ ನೋಡಬಹುದಲ್ಲ’ ಎಂದು ನಿಮಗೆ ಅನ್ನಿಸಬಹುದು. ಬ್ಲ್ಯಾಕ್ ಹಾಕದ ರಬ್ಬರಿಗೆ ಅದು ಸೊಗಸಾದ ದಾರಿ, ಆದರೆ ದ್ರಾವಕ ಪೂರ್ತಿ ಹೋಗಿರಬೇಕು. ಉಳಿದ ಟಾಲ್ಯೂಯೀನ್ 694ರಲ್ಲಿ ಬಂದು ಸ್ಟೈರೀನಿನ ಪೀಕ್‌ಗೆ ಸೇರಿಕೊಳ್ಳುತ್ತದೆ. ಅದರ ಜೊತೆಗಾರ 728ರಲ್ಲಿ ಕಂಡರೆ ಪೊರೆ ಇನ್ನೂ ಹಸಿ ಎಂದರ್ಥ. ಕ್ಲೋರೋಫಾರಂ ಬಳಸಿದರೆ ಅದು 757ರಲ್ಲಿ ಸ್ಟೈರೀನಿನ ಇನ್ನೊಂದು ಪೀಕ್‌ಗೆ ಅಡ್ಡ ಬರುತ್ತದೆ, ಅದರ ಸುಳಿವು 1215ರಲ್ಲಿ ಸಿಗುತ್ತದೆ. ಬ್ಲ್ಯಾಕ್ ಹಾಕಿದ ಕಾಂಪೌಂಡಿನಲ್ಲಂತೂ ಈ ದಾರಿಯೇ ಬೇಡ. ರಬ್ಬರಿನ ಒಂದು ಪಾಲು ಬ್ಲ್ಯಾಕ್ ಕಣಗಳಿಗೆ ಅಂಟಿಕೊಂಡು ದ್ರಾವಕಕ್ಕೆ ಬಗ್ಗುವುದೇ ಇಲ್ಲ. ಎರಡೂ ರಬ್ಬರ್ ಸಮ ಪ್ರಮಾಣದಲ್ಲಿ ಅಂಟುತ್ತವೆ ಎಂಬ ಭರವಸೆ ಇಲ್ಲ. ಕರಗಿ ಬಂದ ಭಾಗ ಇಡೀ ಮಿಶ್ರಣದ ಪ್ರತಿನಿಧಿಯಲ್ಲ.

ಇನ್ನು ಸುಡುವ ಕೆಲಸ. ಐಎಸ್‌ಒ 4650 ಎಂಬ ಮಾನದಂಡದಲ್ಲಿ ಇದರ ಚೌಕಟ್ಟು ಇದೆ, ಎಎಸ್‌ಟಿಎಂ ಡಿ 3677 ಕೂಡ ಇದೇ ವಿಷಯದ್ದು. ಎರಡರ ಹೆಸರಿನಲ್ಲೂ ಇರುವುದು ರಬ್ಬರ್ ಯಾವುದೆಂದು ‘ಗುರುತಿಸುವುದು’. ಆ ಚೌಕಟ್ಟಿನೊಳಗೆ ಪ್ರಮಾಣ ಅಳೆಯಲು ಹೊರಟವರು ಕ್ಯಾಲಿಬ್ರೇಷನ್ ಹೊರೆಯನ್ನು ತಾವೇ ಹೊರಬೇಕು.

ಮೊದಲು ಎಣ್ಣೆ, ವ್ಯಾಕ್ಸ್, ಆ್ಯಂಟಿ ಆಕ್ಸಿಡೆಂಟ್ ತೆಗೆಯಬೇಕು. ಮಾದರಿಯನ್ನು ತಣ್ಣಗಿನ ಮಿಲ್‌ನಲ್ಲಿ ಬಿಗಿಯಾಗಿ ಹಾಯಿಸಿ ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಮಾಡಿ. ಮಿಲ್ ಇಲ್ಲದಿದ್ದರೆ ಒಂದು ಮಿಲಿಮೀಟರಿಗಿಂತ ಚಿಕ್ಕ ಚೂರು. ಸಾಕ್ಸ್‌ಲೆಟ್‌ನಲ್ಲಿ (ದ್ರಾವಕವನ್ನು ಕುದಿಸಿ ತಣಿಸಿ ಮಾದರಿಯ ಮೇಲೆ ಮತ್ತೆ ಮತ್ತೆ ಹರಿಸುವ ಗಾಜಿನ ಉಪಕರಣ) ಅಸಿಟೋನ್ ಹಾಕಿ 16 ಗಂಟೆ ಓಡಿಸಿ. ಸಂಜೆ ಹಚ್ಚಿ ಬೆಳಗ್ಗೆ ಇಳಿಸುವ ಅಭ್ಯಾಸ ಎಲ್ಲೆಡೆ ಇದೆ. ಕಂಡೆನ್ಸರ್ ನೀರು ರಾತ್ರಿ ನಿಂತರೆ ಅಸಿಟೋನ್ ಆವಿ ಕೋಣೆ ತುಂಬುತ್ತದೆ, ಆದ್ದರಿಂದ ನೀರು ನಿಂತ ಕೂಡಲೇ ಹೀಟರ್ ಆರುವ ವ್ಯವಸ್ಥೆ ಇಲ್ಲದೆ ಹಾಗೆ ಬಿಟ್ಟು ಹೋಗಬೇಡಿ. ಬಳಿಕ 70 ಡಿಗ್ರಿಯ ವ್ಯಾಕ್ಯೂಮ್ ಓವನ್ನಿನಲ್ಲಿ ಅಸಿಟೋನ್ ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ. ಈ ಹಂತ ಬಿಟ್ಟರೆ ಏನಾಗುತ್ತದೆ? ಉದಾಹರಣೆಗೆ ಎಸ್‌ಬಿಆರ್ 1712 ದರ್ಜೆಯಲ್ಲಿ ನೂರು ಭಾಗ ರಬ್ಬರಿಗೆ 37.5 ಭಾಗ ಎಣ್ಣೆ ಕಾರ್ಖಾನೆಯಲ್ಲೇ ಸೇರಿರುತ್ತದೆ. ಆ ಎಣ್ಣೆ ರಬ್ಬರಿನ ಜೊತೆಗೇ ಬಟ್ಟಿಯಿಳಿದು ಬಂದು, ಅದರಲ್ಲಿನ ಆರೊಮ್ಯಾಟಿಕ್ (ಬೆಂಜೀನ್ ಉಂಗುರವಿರುವ) ಹೈಡ್ರೋಕಾರ್ಬನ್‌ಗಳು 700ರಿಂದ 900ರ ನಡುವೆ ಬೇಸ್‌ಲೈನನ್ನೇ ಎತ್ತಿಬಿಡುತ್ತವೆ.

ಸುಡುವ ಮುಂಚೆ ಒಂದು ನಿಮಿಷದ ಪರೀಕ್ಷೆ: ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಜ್ವಾಲೆಯ ಹಸಿರು ಪೂರ್ತಿ ಹೋದ ಮೇಲೆ ರಬ್ಬರಿಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಬಂದರೆ ಕ್ಲೋರಿನ್ ಇದೆ, ಅಂದರೆ ಕ್ಲೋರೋಪ್ರೀನ್ ಅಥವಾ ಪಿವಿಸಿ ಸೇರಿರಬಹುದು. ಆಗ ಹೈಡ್ರೋಕ್ಲೋರಿಕ್ ಆಮ್ಲ ಹೊರಬರುತ್ತದೆ, ಲೆಕ್ಕದ ಪೀಕ್‌ಗಳೂ ಬೇರೆ. ಮುಂದಿನ ಮಾತು ಕ್ಲೋರಿನ್ ಇಲ್ಲದ ಮಾದರಿಗೆ.

ಗಟ್ಟಿ ಗಾಜಿನ ಟೆಸ್ಟ್ ಟ್ಯೂಬಿಗೆ 0.5ರಿಂದ 1 ಗ್ರಾಂ ಚೂರು ಹಾಕಿ, ನೈಟ್ರೋಜನ್ ನಿಧಾನವಾಗಿ ಹಾಯಿಸಿ ಗಾಳಿ ಹೊರಹಾಕಿ. ಮೊದಲೇ 500–550 ಡಿಗ್ರಿಗೆ ಕಾದಿರುವ ವಿದ್ಯುತ್ ಕುಲುಮೆಗೆ ಟ್ಯೂಬನ್ನು ಇಳಿಸಿ. ತಣ್ಣಗಿರುವಾಗಲೇ ಇಟ್ಟು ಕುಲುಮೆಯನ್ನು ಮೆಲ್ಲಗೆ ಏರಿಸಬೇಡಿ, ದೊಡ್ಡ ತಪ್ಪು ನಡೆಯುವುದು ಇಲ್ಲೇ. ನಿಧಾನ ಕಾಯಿಸಿದರೆ ಬ್ಯುಟಾಡೈಯೀನ್ ಭಾಗದ ಸರಪಳಿ ಮುರಿಯುವ ಬದಲು ಒಳಗೊಳಗೇ ಉಂಗುರ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಅದು ಎಣ್ಣೆಯಾಗಿ ಬರುವುದಿಲ್ಲ. ನೈಸರ್ಗಿಕ ರಬ್ಬರ್ ಮಾತ್ರ ಸುಲಭವಾಗಿ ಇಳಿದು ಬರುತ್ತದೆ. ಬನ್ಸನ್ ಬರ್ನರಿನಲ್ಲೂ ಕೆಲಸ ಆಗುತ್ತದೆ, ಆದರೆ ಇವತ್ತಿನ ಜ್ವಾಲೆ ನಾಳಿನದಲ್ಲ. ಪ್ರಮಾಣ ಬೇಕೆನ್ನುವವರು ಕುಲುಮೆ, ತೂಕ, ಟ್ಯೂಬಿನ ಅಳತೆ, ನೈಟ್ರೋಜನ್ ವೇಗ ಎಲ್ಲವನ್ನೂ ಬರೆದಿಟ್ಟುಕೊಂಡು ಒಂದೇ ರೀತಿ ನಡೆಸಬೇಕು. ಸ್ಟ್ಯಾಂಡರ್ಡ್‌ಗೂ ಅದೇ, ಮಾದರಿಗೂ ಅದೇ.

ಆವಿಯನ್ನು ಮಂಜುಗಡ್ಡೆಯಲ್ಲಿಟ್ಟ ಇನ್ನೊಂದು ಟ್ಯೂಬಿನಲ್ಲಿ ಹಿಡಿಯಿರಿ. ಮೊದಲ ಹನಿಗಳಷ್ಟನ್ನೇ ತೆಗೆದು ನೋಡುವ ಆತುರ ಬೇಡ. ಹಗುರವಾದವು ಮೊದಲು, ಭಾರದವು ಆಮೇಲೆ ಬರುತ್ತವೆ. ಹೊಗೆ ನಿಲ್ಲುವವರೆಗೆ ಕಾದು, ಬಂದದ್ದನ್ನೆಲ್ಲ ಒಟ್ಟಿಗೆ ಅಲುಗಿಸಿ ಬೆರೆಸಬೇಕು. ನೀರಿನ ಮಬ್ಬು ಇದ್ದರೆ ಚಿಟಿಕೆ ನಿರ್ಜಲ ಸೋಡಿಯಂ ಸಲ್ಫೇಟ್ ಹಾಕಿ ತಿಳಿ ತೆಗೆಯಿರಿ. ಇದೆಲ್ಲ ಫ್ಯೂಮ್ ಹುಡ್ಡಿನ ಒಳಗೆ ಮಾತ್ರ. ಆ ಎಣ್ಣೆಯಲ್ಲಿ ಬೆಂಜೀನ್, ಸ್ಟೈರೀನ್ ಇರುತ್ತವೆ. ಮುಂದೆ ಎಂದಾದರೂ ನೈಟ್ರೈಲ್ ರಬ್ಬರ್ ಸುಟ್ಟರೆ ಸಯನೈಡ್ ಬಗೆಯ ವಿಷಾನಿಲಗಳೂ ಬರುತ್ತವೆ.

ಇಲ್ಲಿ ನಿಮ್ಮ ವಜ್ರದ ಹರಳು ಕೈ ಹಿಡಿಯುತ್ತದೆ. ಬ್ಲ್ಯಾಕ್, ಜಿಂಕ್ ಆಕ್ಸೈಡ್, ಜೇಡಿ, ಸುಣ್ಣದ ಪುಡಿ ಎಲ್ಲ ಟ್ಯೂಬಿನಲ್ಲೇ ಉಳಿದಿರುತ್ತವೆ. ಎಣ್ಣೆಯ ಒಂದು ಹನಿ ಹರಳಿನ ಮೇಲೆ ಬಿಟ್ಟರೆ ಶುದ್ಧ ಚಿತ್ರ ಬರುತ್ತದೆ. ಆದರೆ ತಡ ಮಾಡಬಾರದು. ಸ್ಟೈರೀನ್ 145 ಡಿಗ್ರಿಗೆ ಕುದಿಯುವಂಥದು, ಡೈಪೆಂಟೀನ್ 176ಕ್ಕೆ. ತೆರೆದಿಟ್ಟ ಹನಿಯಿಂದ ಸ್ಟೈರೀನೇ ಬೇಗ ಹಾರುತ್ತದೆ, 699 ಕುಗ್ಗುತ್ತದೆ, ಎಸ್‌ಬಿಆರ್ ಕಡಿಮೆ ಎಂದು ಕಾಣುತ್ತದೆ. ಹನಿ ಬಿಟ್ಟ ಕೂಡಲೇ ಸಣ್ಣ ಗಾಜಿನ ಮುಚ್ಚಳ ಮುಚ್ಚಿ, 4 ರೆಸಲ್ಯೂಷನ್, 32 ಸ್ಕ್ಯಾನ್‌ನಲ್ಲಿ ಓಡಿಸಿ. ಸ್ಕ್ಯಾನ್ ಸಂಖ್ಯೆಯನ್ನು ಇನ್ನೂ ಏರಿಸಿದರೆ ಗೆರೆ ನುಣುಪಾಗುತ್ತದೆ, ಅಷ್ಟರಲ್ಲಿ ಹನಿ ಬದಲಾಗುತ್ತದೆ. ಪೊಟ್ಯಾಸಿಯಂ ಬ್ರೋಮೈಡ್ ಕಿಟಕಿಗಳು ಇದ್ದರೆ ಎರಡರ ನಡುವೆ ಹನಿ ಒತ್ತಿ ನೋಡುವುದು ಇನ್ನೂ ಒಳ್ಳೆಯದು, ಹಾರುವಿಕೆ ಕಡಿಮೆ. ಆದರೆ ಅತಿ ಎತ್ತರದ ಪೀಕ್‌ನ ಅಬ್ಸಾರ್ಬೆನ್ಸ್ 1 ದಾಟದಷ್ಟು ತೆಳುವಾಗಿರಲಿ. ಎರಡು ಬಗೆಯನ್ನು ಬೆರೆಸಬೇಡಿ. ಎಟಿಆರ್ ಕಡಿಮೆ ತರಂಗಸಂಖ್ಯೆಯ ಪೀಕ್‌ಗಳನ್ನು ಹಿಗ್ಗಿಸಿ ತೋರಿಸುತ್ತದೆ, ಹಾಗಾಗಿ ಒಂದರ ಕ್ಯಾಲಿಬ್ರೇಷನ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಪೀಕ್ ಎತ್ತರ ಅಳೆಯುವಾಗ ಪ್ರತಿಯೊಂದಕ್ಕೂ ಅದರದೇ ಬುಡದ ಗೆರೆ ಎಳೆಯಿರಿ: ಪೀಕ್‌ನ ಎರಡೂ ಬದಿಯ ತಗ್ಗುಗಳನ್ನು ಸೇರಿಸುವ ಗೆರೆ. ಆ ತಗ್ಗುಗಳ ಸ್ಥಾನವನ್ನು ಸ್ಟ್ಯಾಂಡರ್ಡ್‌ಗಳಲ್ಲಿ ನೋಡಿ ಒಮ್ಮೆ ನಿಗದಿಪಡಿಸಿ, ಆಮೇಲೆ ಮುಟ್ಟಬೇಡಿ. 887ರ ಪಕ್ಕದಲ್ಲೇ 909 ಇರುವುದರಿಂದ ಇಲ್ಲಿ ವಿಸ್ತೀರ್ಣಕ್ಕಿಂತ ಎತ್ತರವೇ ವಾಸಿ.

ಸ್ಟ್ಯಾಂಡರ್ಡ್ ಮಾಡುವಾಗ ನಿಮ್ಮ ಕಾಂಪೌಂಡಿಗೆ ಆದಷ್ಟು ಹತ್ತಿರದ ಪಾಕ ಹಿಡಿಯಿರಿ: ಒಟ್ಟು ರಬ್ಬರ್ 100, ಎನ್ 330 ಬ್ಲ್ಯಾಕ್ 50, ಜಿಂಕ್ ಆಕ್ಸೈಡ್ 5, ಸ್ಟಿಯರಿಕ್ ಆಮ್ಲ 2, ಗಂಧಕ 2, ಬೇಯುವುದನ್ನು ಚುರುಕುಗೊಳಿಸುವ ಸಿಬಿಎಸ್ 1. ರಬ್ಬರಿನಲ್ಲಿ ಎಸ್‌ಬಿಆರ್ ಪಾಲು 0, 10, 20, 30, 40, 50, 70, 100. ನೈಸರ್ಗಿಕ ರಬ್ಬರಿಗೆ ಸುಳ್ಯ, ಪುತ್ತೂರು ಕಡೆಯಿಂದ ಬರುವ ಆರ್‌ಎಸ್‌ಎಸ್ (ಹೊಗೆಯಲ್ಲಿ ಒಣಗಿಸಿದ) ಶೀಟ್ ಧಾರಾಳವಾಗಿ ನಡೆಯುತ್ತದೆ. ಅದನ್ನು ಮೊದಲು ಮಿಲ್‌ನಲ್ಲಿ ಚೆನ್ನಾಗಿ ಹದ ಮಾಡಿ ಆಮೇಲೆ ಎಸ್‌ಬಿಆರ್ ಸೇರಿಸಿ. ಗಟ್ಟಿ ಶೀಟಿಗೆ ನೇರ ಸೇರಿಸಿದರೆ ಮಿಶ್ರಣ ಪಟ್ಟೆಪಟ್ಟೆಯಾಗಿ, ಅರ್ಧ ಗ್ರಾಂ ಚೂರಿನಲ್ಲಿ ಬೇರೆಬೇರೆ ಉತ್ತರ ಬರುತ್ತದೆ. ನಿಮ್ಮ ಮಾದರಿ ಬೇಯಿಸಿದ್ದಾದರೆ ಸ್ಟ್ಯಾಂಡರ್ಡನ್ನೂ 150 ಡಿಗ್ರಿಯಲ್ಲಿ ಬೇಯಿಸಿ, ಅವಕ್ಕೂ ಅಸಿಟೋನ್ ಹಂತ ಮಾಡಿ. ಪ್ರತಿಯೊಂದನ್ನೂ ಮೂರು ಸಲ ಸುಡಿ. ಒಂದೇ ಹನಿಯನ್ನು ಮೂರು ಸಲ ಸ್ಕ್ಯಾನ್ ಮಾಡುವುದು ಪುನರಾವರ್ತನೆಯಲ್ಲ.

ಲೆಕ್ಕ ಹೀಗೆ. 699ರ ಎತ್ತರವನ್ನು 887ರ ಎತ್ತರದಿಂದ ಭಾಗಿಸಿ. ಎಸ್‌ಬಿಆರ್ ಪಾಲನ್ನು ನೈಸರ್ಗಿಕ ರಬ್ಬರಿನ ಪಾಲಿನಿಂದ ಭಾಗಿಸಿದ ಸಂಖ್ಯೆಯ ಎದುರು ಅದನ್ನು ಗ್ರಾಫಿನಲ್ಲಿಟ್ಟರೆ ಹೆಚ್ಚುಕಡಿಮೆ ನೇರ ಗೆರೆ ಬರಬೇಕು. ಅದರ ಇಳಿಜಾರೇ (ಸ್ಲೋಪ್) ನಿಮ್ಮ ಗುಣಕ. ಗುಣಕ 3 ಬಂದಿತೆಂದು ಇಟ್ಟುಕೊಳ್ಳಿ. 70/30 ಮಿಶ್ರಣದಲ್ಲಿ ಎತ್ತರಗಳ ಅನುಪಾತ 3 × 30 ÷ 70, ಅಂದರೆ 1.29. ಗುಣಕದ ಗೊಡವೆಯಿಲ್ಲದೆ ‘699ರ ಪಾಲು ಒಟ್ಟಿನಲ್ಲಿ ಎಷ್ಟು’ ಎಂದು ನೋಡಿದವರಿಗೆ ಎಸ್‌ಬಿಆರ್ ಶೇ. 56 ಎಂದು ಕಾಣುತ್ತದೆ! ಪೂರೈಕೆದಾರರ ಮೇಲೆ ಹಾರಿಬೀಳುವ ಮೊದಲು ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡಿ. ನೇರ ಗೆರೆ ಎರಡು ತುದಿಗಳಲ್ಲಿ ಬಾಗಿದರೆ ಗಾಬರಿ ಬೇಡ, ನಿಮಗೆ ಬೇಕಾದ 20ರಿಂದ 50ರ ನಡುವೆ ಮಾತ್ರ ಗೆರೆ ಹೊಂದಿಸಿದರೆ ಸಾಕು.

ಈಗ ಎಲ್ಲಕ್ಕಿಂತ ದೊಡ್ಡ ತೊಡಕು. 699 ಅಳೆಯುವುದು ಎಸ್‌ಬಿಆರನ್ನಲ್ಲ, ಸ್ಟೈರೀನನ್ನು. ಮಾಮೂಲಿ 1500, 1502, 1712 ದರ್ಜೆಗಳಲ್ಲಿ ಸ್ಟೈರೀನ್ ಶೇ. 23.5. ಪೂರೈಕೆದಾರರು ಶೇ. 40 ಸ್ಟೈರೀನಿನ ದರ್ಜೆ ಬಳಸಿ, ಮಾತಿನಂತೆ 30 ಭಾಗವನ್ನೇ ಹಾಕಿದ್ದರೂ ನಿಮ್ಮ ಗ್ರಾಫ್ 42 ಎನ್ನುತ್ತದೆ. ತದ್ವಿರುದ್ಧ ದಿಕ್ಕಿನಲ್ಲೂ ಮೋಸ ಹೋಗಬಹುದು: 30ರಲ್ಲಿ 15 ಭಾಗ ಎಸ್‌ಬಿಆರ್, 15 ಭಾಗ ಬಿಆರ್ ಇದ್ದರೆ ಗ್ರಾಫ್ 18 ಎನ್ನುತ್ತದೆ. ಸ್ಟೈರೀನ್ ಕಡಿಮೆಯಿರುವ ಎಸ್‌ಬಿಆರ್‌ಗೂ ಎಸ್‌ಬಿಆರ್-ಬಿಆರ್ ಬೆರಕೆಗೂ ಸುಟ್ಟ ಎಣ್ಣೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. 699ಕ್ಕೆ ಹೋಲಿಸಿದರೆ 966 ನಿಮ್ಮ ಸ್ಟ್ಯಾಂಡರ್ಡ್‌ಗಳಲ್ಲಿ ಇದ್ದುದಕ್ಕಿಂತ ಎತ್ತರವಾಗಿದ್ದರೆ ಬಿಆರ್ ಇರಬಹುದೆಂದು ಸಂಶಯ ಪಡಿ. ನೈಸರ್ಗಿಕ ರಬ್ಬರಿಗೆ ಬದಲು ಸಂಶ್ಲೇಷಿತ ಐಸೊಪ್ರೀನ್ ರಬ್ಬರ್ ಹಾಕಿದ್ದರೂ ಈ ವಿಧಾನಕ್ಕೆ ಗೊತ್ತಾಗುವುದಿಲ್ಲ.

ಸಣ್ಣ ಘಟಕಗಳ ವ್ಯವಹಾರದಲ್ಲಿ ಇನ್ನೊಂದು ಸಾಧ್ಯತೆಯನ್ನು ನಾನು ಮೊದಲು ನೋಡುತ್ತೇನೆ: ರಿಕ್ಲೇಮ್. ಹಳೆಯ ಟೈರಿನಿಂದ ಮಾಡಿದ ರಿಕ್ಲೇಮ್‌ನಲ್ಲಿ ನೈಸರ್ಗಿಕ ರಬ್ಬರ್, ಎಸ್‌ಬಿಆರ್, ಬಿಆರ್ ಮೂರೂ ಇರಬಹುದು. ಖರ್ಚು ಉಳಿಸಲು ಅದನ್ನು ಸೇರಿಸಿದರೆ, ಹೊಸ ಎಸ್‌ಬಿಆರ್ ಒಂದು ಗ್ರಾಂ ಹೆಚ್ಚಿಸದಿದ್ದರೂ 699 ಏರುತ್ತದೆ. ಇದನ್ನು ಐಆರ್ (ಅವಕೆಂಪು ಅಳತೆ) ಒಂದರಿಂದಲೇ ಬಿಡಿಸಲಾಗದು. ಟಿಜಿಎ (ಕಾಯಿಸುತ್ತ ಹೋದಂತೆ ತೂಕ ಅಳೆಯುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಕಳಿಸಿ: ನೈಟ್ರೋಜನ್‌ನಲ್ಲಿ ರಬ್ಬರ್, ಆಮೇಲೆ ಗಾಳಿಯಲ್ಲಿ ಬ್ಲ್ಯಾಕ್, ಕೊನೆಗೆ ಬೂದಿ ಎಂದು ಬೇರೆಬೇರೆ ತೂಕ ಸಿಗುತ್ತದೆ. ಒಪ್ಪಿಕೊಂಡ ಪಾಕಕ್ಕಿಂತ ಬ್ಲ್ಯಾಕ್, ಬೂದಿ ಎರಡೂ ಏರಿದ್ದರೆ ರಿಕ್ಲೇಮ್ ಕಡೆ ಬೆರಳು ಹೋಗುತ್ತದೆ. ತೂಕ ಇಳಿಯುವ ವೇಗದ ಗೆರೆಯಲ್ಲಿ ನೈಸರ್ಗಿಕ ರಬ್ಬರ್ 375 ಡಿಗ್ರಿ ಸುಮಾರಿಗೆ, ಎಸ್‌ಬಿಆರ್ ಮತ್ತು ಬಿಆರ್ 450ರ ಆಸುಪಾಸಿಗೆ ಇಳಿಯುವುದರಿಂದ ನಿಮ್ಮ ಐಆರ್ ಲೆಕ್ಕಕ್ಕೂ ಒಂದು ತಾಳೆ ಸಿಗುತ್ತದೆ. ಬಿಆರ್ ಇದೆಯೇ ಎಂಬುದಕ್ಕೆ ಡಿಎಸ್‌ಸಿ (ಉಷ್ಣತೆ ಬದಲಿಸುತ್ತ ಮಾದರಿ ಹೀರುವ ಶಾಖ ಅಳೆಯುವ ವಿಧಾನ) ಒಳ್ಳೆಯದು. ಹೆಚ್ಚು ಸಿಸ್ ಇರುವ ಬಿಆರ್ ಮೈನಸ್ 100 ಡಿಗ್ರಿಗಿಂತಲೂ ಕೆಳಗೆ ತನ್ನ ಗುರುತು ತೋರಿಸುತ್ತದೆ, ಉಳಿದೆರಡು ಅಷ್ಟು ಕೆಳಗೆ ಹೋಗುವುದಿಲ್ಲ.

ಇನ್ನೊಂದು ಅಳತೆ ಮರೆಯಬೇಡಿ: ಐಆರ್ ಕೊಡುವುದು ರಬ್ಬರ್‌ಗಳ ನಡುವಿನ ಅನುಪಾತ ಮಾತ್ರ. ಕಾಂಪೌಂಡಿನಲ್ಲಿ ಒಟ್ಟು ರಬ್ಬರ್ ಎಷ್ಟಿದೆ ಎಂಬುದು ಟಿಜಿಎ ಮತ್ತು ಅಸಿಟೋನ್ ಸಾರದ ತೂಕದಿಂದಲೇ ಬರಬೇಕು. ಅನುಪಾತ 70/30 ಸರಿಯಿದ್ದು ರಬ್ಬರನ್ನೇ ಕಡಿಮೆ ಮಾಡಿ ಸುಣ್ಣದ ಪುಡಿ ತುಂಬಿದ್ದರೆ ಐಆರ್ ಚಕಾರ ಎತ್ತುವುದಿಲ್ಲ.

ಕೆಲಸ ಶುರುಮಾಡುವ ಕ್ರಮ ಹೇಳುವುದಾದರೆ, ಪೂರೈಕೆದಾರರಿಂದ ಎಸ್‌ಬಿಆರ್ ದರ್ಜೆ ಯಾವುದೆಂದು ಬರಹದಲ್ಲಿ ಪಡೆಯಿರಿ, ಅದೇ ದರ್ಜೆಯಿಂದ ಸ್ಟ್ಯಾಂಡರ್ಡ್ ಮಾಡಿ. ತೃಪ್ತಿಕರವಾಗಿದ್ದ ಹಳೆಯ ಬ್ಯಾಚಿನ ಕಾಂಪೌಂಡ್ ಒಂದಿಷ್ಟು ಉಳಿದಿದ್ದರೆ ಅದು ಚಿನ್ನ. ಕಪ್ಪು ಪಾಲಿಥೀನಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಅಳತೆ ಮಾಡುವ ಪ್ರತಿ ದಿನವೂ ಹಳೆಯ ಬ್ಯಾಚ್, 70/30 ಸ್ಟ್ಯಾಂಡರ್ಡ್, ಹೊಸ ಬ್ಯಾಚ್ ಮೂರನ್ನೂ ಒಟ್ಟಿಗೆ ಸುಡಿ. ಸ್ಟ್ಯಾಂಡರ್ಡ್ 27ರಿಂದ 33ರ ಒಳಗೆ ಬರದ ದಿನ ಉಳಿದ ಸಂಖ್ಯೆಗಳನ್ನು ಬರೆದುಕೊಳ್ಳಲೇಬೇಡಿ, ಕುಲುಮೆಯ ಉಷ್ಣಮಾಪಕವನ್ನೂ ಹರಳಿನ ಸ್ವಚ್ಛತೆಯನ್ನೂ ನೋಡಿ. ಹಳೆಯ ಮತ್ತು ಹೊಸ ಬ್ಯಾಚಿನ ಮೂರು ಮೂರು ಸುಡುವಿಕೆಯ ಸರಾಸರಿ 5 ಭಾಗಕ್ಕಿಂತ ಹೆಚ್ಚು ಅಂತರ ತೋರಿದರೆ ಪೈರಾಲಿಸಿಸ್ ಗ್ಯಾಸ್ ಕ್ರೊಮ್ಯಾಟೊಗ್ರಫಿ (ಸುಟ್ಟ ಆವಿಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಇರುವ ಹೊರಗಿನ ಪ್ರಯೋಗಾಲಯಕ್ಕೆ ಎರಡನ್ನೂ ಸಂಕೇತ ಸಂಖ್ಯೆ ಹಾಕಿ, ಯಾವುದು ಯಾವುದೆಂದು ತಿಳಿಸದೆ ಕಳಿಸಿ. ಪೂರೈಕೆದಾರರ ಜೊತೆ ಮಾತು ಆ ವರದಿ ಬಂದ ಮೇಲೆ.